ಮೇಲುಕೋಟೆ: ಮಠ ಮತ್ತು ಗಿರಿದುರ್ಗದ ಇತಿಹಾಸ

ಮೇಲುಕೋಟೆ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿರುವ ಶ್ರೀವೈಷ್ಣವ ಕ್ಷೇತ್ರ. ಯದುಗಿರಿ, ಯಾದವಾದ್ರಿ, ತಿರುನಾರಾಯಣಪುರ ಎಂಬವು ಇದರ ಇತರ ಹೆಸರುಗಳು. ಕಲ್ಲುಬಂಡೆಗಳ ಬೆಟ್ಟಸಾಲಿನ ಮೇಲಿರುವ ಈ ಊರು ಮಧ್ಯಯುಗದಿಂದಲೂ ದೇವಾಲಯ, ಯತಿಗಳ ಮಠ ಮತ್ತು ಕೋಟೆ ಈ ಮೂರೂ ಆಗಿ ಬೆಳೆಯಿತು. ಬೆಟ್ಟದ ಎತ್ತರ ಯತಿಗಳಿಗೆ ಏಕಾಂತವನ್ನೂ ಸೈನ್ಯಗಳಿಗೆ ಆಯಕಟ್ಟಿನ ನೆಲೆಯನ್ನೂ ಒದಗಿಸಿತು. ಊರಿನ ಏಳುಬೀಳುಗಳಿಗೆ ಬಹುಮಟ್ಟಿಗೆ ಇದೇ ಕಾರಣ.

ಹಿನ್ನೆಲೆ

ಹೊಯ್ಸಳರಿಗೆ ಮೊದಲು ಈ ಸೀಮೆಯಲ್ಲಿ ಜೈನ ಧರ್ಮ ಪ್ರಬಲವಾಗಿತ್ತು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಗಳು ಅದಕ್ಕೆ ಸಾಕ್ಷಿ. ವಿಶಿಷ್ಟಾದ್ವೈತದ ಆಚಾರ್ಯ ರಾಮಾನುಜರು ಚೋಳ ಅರಸನ ಕಿರುಕುಳದಿಂದ ಶ್ರೀರಂಗವನ್ನು ಬಿಟ್ಟು ಹೊಯ್ಸಳ ನಾಡಿಗೆ ಬಂದು, ಮೊದಲು ಇಂದಿನ ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಲ್ಲಿ, ಅನಂತರ ಯದುಗಿರಿಯಲ್ಲಿ ನೆಲೆಸಿದರೆಂದು ಶ್ರೀವೈಷ್ಣವ ಸಂಪ್ರದಾಯ ಹೇಳುತ್ತದೆ. ಹೊಯ್ಸಳ ಅರಸ ಬಿಟ್ಟಿದೇವ ರಾಮಾನುಜರ ಪ್ರಭಾವದಿಂದ ಜೈನ ಮತವನ್ನು ತೊರೆದು ವಿಷ್ಣುವರ್ಧನನಾದನೆಂಬುದೂ ಇದೇ ಸಂಪ್ರದಾಯದ ಮಾತು. ಆದರೆ ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ಅವನ ಆಳ್ವಿಕೆಯಲ್ಲಿ ಬಸದಿಗಳಿಗೆ ದತ್ತಿಗಳೂ ನಿಲ್ಲಲಿಲ್ಲ. ಅರಸನ ಒಲವು ವೈಷ್ಣವದತ್ತ ತಿರುಗಿದರೂ ರಾಜ್ಯದ ಧರ್ಮನೀತಿ ಉದಾರವಾಗಿಯೇ ಇತ್ತೆಂದು ಇದರಿಂದ ತಿಳಿಯುತ್ತದೆ.

ಯತಿರಾಜ ಮಠ

ರಾಮಾನುಜರು ಇಲ್ಲಿ ಸುಮಾರು ಹನ್ನೆರಡು ವರ್ಷ ಇದ್ದು, ಹುತ್ತದಲ್ಲಿ ಹುದುಗಿದ್ದ ತಿರುನಾರಾಯಣನ ಮೂರ್ತಿಯನ್ನು ಪತ್ತೆಹಚ್ಚಿ ಪೂಜಾಕ್ರಮವನ್ನು ನಿಗದಿಪಡಿಸಿದರೆಂಬ ಐತಿಹ್ಯವಿದೆ. ಯದುಗಿರಿ ಯತಿರಾಜ ಮಠ ತನ್ನ ಮೂಲವನ್ನು ಅವರಲ್ಲಿಯೇ ಗುರುತಿಸಿಕೊಳ್ಳುತ್ತದೆ. ನಾಮ ಧರಿಸಲು ಬಳಸುವ ಬಿಳಿಯ ಮಣ್ಣು ಈ ಬೆಟ್ಟದಲ್ಲಿ ದೊರೆಯುತ್ತದೆ. ಅದು ದೂರದ ಊರುಗಳ ಶ್ರೀವೈಷ್ಣವರಿಗೂ ಇಲ್ಲಿಂದಲೇ ಹೋಗುತ್ತಿತ್ತು.

ಉತ್ಸವಮೂರ್ತಿಯಾದ ಚೆಲುವಪಿಳ್ಳೆರಾಯನನ್ನು ರಾಮಾನುಜರು ದೆಹಲಿಯಿಂದ ತಂದರೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ದೆಹಲಿಯ ಸುಲ್ತಾನರ ಸೈನ್ಯ ಹೊಯ್ಸಳ ನಾಡನ್ನು ಮುಟ್ಟಿದ್ದು ರಾಮಾನುಜರ ಕಾಲದ ಬಹಳ ಅನಂತರ, 14ನೆಯ ಶತಮಾನದ ಆರಂಭದಲ್ಲಿ. ಹೀಗಾಗಿ ಮುಂದಿನ ದಾಳಿಗಳ ನೆನಪು ಹಿಂದಿನ ಆಚಾರ್ಯರ ಚರಿತ್ರೆಯೊಳಗೆ ಸೇರಿಕೊಂಡಿರಬೇಕು. ಮೂರ್ತಿಯನ್ನು ತರುವಲ್ಲಿ ನೆರವಾದ ಅಸ್ಪೃಶ್ಯರನ್ನು ರಾಮಾನುಜರು ತಿರುಕುಲದವರೆಂದು ಕರೆದು ಗೌರವಿಸಿದರೆಂಬುದು ಆ ಕಥೆಯ ಮುಖ್ಯ ಭಾಗ. ವರ್ಷದ ನಿಗದಿತ ದಿನಗಳಲ್ಲಿ ಅವರಿಗೆ ದೇವಾಲಯ ಪ್ರವೇಶದ ಹಕ್ಕಿತ್ತು. ಆ ಹಕ್ಕು ಕೆಲವೇ ದಿನಗಳದಾಗಿದ್ದರೂ ಆ ಕಾಲದ ದೇವಾಲಯ ವ್ಯವಸ್ಥೆಯಲ್ಲಿ ಅಪರೂಪದ್ದು.

ವಿಜಯನಗರ ಕಾಲ

ಹೊಯ್ಸಳರ ಪತನದ ಅನಂತರ ಹಾಳುಬಿದ್ದ ಕ್ಷೇತ್ರ ಮತ್ತೆ ತಲೆಯೆತ್ತಿದ್ದು 15ನೆಯ ಶತಮಾನದಲ್ಲಿ. ವಿಜಯನಗರದ ಮಲ್ಲಿಕಾರ್ಜುನನ ಕಾಲದಲ್ಲಿ ನಾಗಮಂಗಲದ ಪ್ರಭುವಾಗಿದ್ದ ತಿಮ್ಮಣ್ಣ ದಂಡನಾಯಕ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದ. ಅವನ ಹೆಂಡತಿ ರಂಗಾಂಬಿಕೆ ರಂಗಮಂಟಪವನ್ನು ಕಟ್ಟಿಸಿದಳು. 1458ರ ಶಾಸನ ಇದನ್ನು ದಾಖಲಿಸುತ್ತದೆ. ನಾಲ್ಕು ಎತ್ತರದ ಕಂಬಗಳೊಡನೆ ಅಪೂರ್ಣವಾಗಿ ನಿಂತಿರುವ ರಾಯಗೋಪುರ ವಿಜಯನಗರ ಶೈಲಿಯ ದೊಡ್ಡ ಯೋಜನೆಯೊಂದರ ಉಳಿಕೆ.

ಮೈಸೂರು ಒಡೆಯರು

ಶ್ರೀರಂಗಪಟ್ಟಣವನ್ನು 1610ರಲ್ಲಿ ವಶಪಡಿಸಿಕೊಂಡ ರಾಜ ಒಡೆಯರು ಚೆಲುವನಾರಾಯಣನೆಂದೂ ಕರೆಯಲಾಗುವ ತಿರುನಾರಾಯಣನ ಭಕ್ತರಾಗಿದ್ದರು. ಅವರು ಅರ್ಪಿಸಿದ ಕಿರೀಟಕ್ಕೆ ರಾಜಮುಡಿ ಎಂದು ಹೆಸರು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ಕೃಷ್ಣರಾಜಮುಡಿಯನ್ನು ಒಪ್ಪಿಸಿದರು. ಇವೆರಡಕ್ಕಿಂತ ಹಳೆಯದೆಂದು ನಂಬಲಾಗುವ ವೈರಮುಡಿಯನ್ನು ಸರ್ಕಾರಿ ಖಜಾನೆಯಲ್ಲಿಟ್ಟು ಉತ್ಸವದ ದಿನ ಕಾವಲಿನಲ್ಲಿ ತರಲಾಗುತ್ತದೆ. ಫಾಲ್ಗುಣ ಮಾಸದಲ್ಲಿ ನಡೆಯುವ ವೈರಮುಡಿ ಉತ್ಸವ ರಾತ್ರಿಯ ವೇಳೆಯ ಉತ್ಸವ.

1771ರ ಯುದ್ಧ

ಒಡೆಯರ ರಾಜ್ಯದ ಅಧಿಕಾರ ಹಿಡಿದಿದ್ದ ಹೈದರ್ ಅಲಿ 1771ರಲ್ಲಿ ಮರಾಠರ ತ್ರ್ಯಂಬಕರಾಯನನ್ನು ಎದುರಿಸಲು ಮೇಲುಕೋಟೆಯ ಬೆಟ್ಟಗಳ ನಡುವೆ ಬೀಡುಬಿಟ್ಟ. ಮುಂಗಡೆಯ ದಾಳಿಯನ್ನು ತಡೆಯಲು ಈ ಜಾಗ ಅನುಕೂಲವಾಗಿತ್ತು. ಆದರೆ ಮರಾಠರು ಸುತ್ತುವರಿದು ಫಿರಂಗಿ ಹಾರಿಸತೊಡಗಿದಾಗ ಆಸರೆಯಾಗಿದ್ದ ಬೆಟ್ಟವೇ ಬಲೆಯಾಯಿತು. ಹೈದರ್ ರಾತ್ರಿಯ ಹೊತ್ತಿನಲ್ಲಿ ಶ್ರೀರಂಗಪಟ್ಟಣದತ್ತ ಹಿಂದೆ ಸರಿಯಲು ಹೊರಟ. ಈ ಸುಳಿವು ಮರಾಠರಿಗೆ ತಿಳಿದು, ಚಿನಕುರಳಿಯ ಬಳಿ ಅವನ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಅವನು ಮಾತ್ರ ರಾಜಧಾನಿಯನ್ನು ಸೇರಿಕೊಂಡ. ಗೆದ್ದವರು ಕೂಡಲೇ ಬೆನ್ನಟ್ಟದೆ ಲೂಟಿಯಲ್ಲಿ ತೊಡಗಿದ್ದರಿಂದ ಶ್ರೀರಂಗಪಟ್ಟಣದ ರಕ್ಷಣೆಗೆ ಅವನಿಗೆ ಸಮಯ ಸಿಕ್ಕಿತು. ಅದರ ಬೆಲೆ ತೆತ್ತದ್ದು ಮೇಲುಕೋಟೆ. ಕಬ್ಬಿಣಕ್ಕಾಗಿ ಮರಾಠರು ದೇವರ ಮರದ ತೇರುಗಳಿಗೆ ಹಚ್ಚಿದ ಬೆಂಕಿ ಕಟ್ಟಡಗಳಿಗೂ ಹಬ್ಬಿ ಊರು ಬರಿದಾಯಿತು.

ರಚನೆ

ಊರ ನಡುವೆ ಚೆಲುವನಾರಾಯಣ ದೇವಾಲಯ, ಬಂಡೆಯ ನೆತ್ತಿಯಲ್ಲಿ ಯೋಗನರಸಿಂಹ ದೇವಾಲಯ, ಬೆಟ್ಟದ ತಪ್ಪಲಲ್ಲಿ ಮಂಟಪಗಳು ಸುತ್ತುವರಿದ ಕಲ್ಯಾಣಿ ಇವೆ. ಅಕ್ಕತಂಗಿ ಕೊಳ ಮತ್ತಿತರ ಕೊಳಗಳು ಬಂಡೆಗಳ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಡುತ್ತವೆ. ನದಿಯಿಲ್ಲದ ಈ ಎತ್ತರದಲ್ಲಿ ಮಠವಾಗಲಿ ಕಾವಲುಪಡೆಯಾಗಲಿ ಬದುಕಿದ್ದು ಈ ಕೊಳಗಳನ್ನು ನಂಬಿ. ಬೆಟ್ಟದ ಹೆಬ್ಬಾಗಿಲುಗಳು ಕೋಟೆಯ ಕಾಲವನ್ನು ನೆನಪಿಸುತ್ತವೆ.

ವಿದ್ಯೆ ಮತ್ತು ಸಂರಕ್ಷಣೆ

ಮೇಲುಕೋಟೆಯ ಸಂಸ್ಕೃತ ಪಾಠಶಾಲೆ 19ನೆಯ ಶತಮಾನದಷ್ಟು ಹಳೆಯದು. ಸಂಸ್ಕೃತ ಸಂಶೋಧನ ಸಂಸತ್ತು ತಾಳೆಗರಿ ಹಸ್ತಪ್ರತಿಗಳನ್ನು ಸಂಗ್ರಹಿಸಿ ಪ್ರಕಟಣೆಯಲ್ಲಿ ತೊಡಗಿದೆ. ಕವಿ ಪು.ತಿ.ನರಸಿಂಹಾಚಾರ್ (1905–1998) ಹುಟ್ಟಿದ್ದು ಇಲ್ಲಿಯೇ. ಸುತ್ತಲಿನ ಕುರುಚಲು ಕಾಡನ್ನು 1974ರಲ್ಲಿ ತೋಳಗಳ ರಕ್ಷಣೆಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಉತ್ಸವದ ಆಸ್ಥೆ ದೊಡ್ಡ ದೇವಾಲಯಗಳನ್ನು ಉಳಿಸಿದೆ. ಶಾಸನ, ಕೊಳ, ಬಾಗಿಲು, ಒಂಟಿ ಮಂಟಪಗಳಿಗೂ ಅಷ್ಟೇ ಆಸ್ಥೆ ಸಲ್ಲಬೇಕು. ಏಕೆಂದರೆ ಐತಿಹ್ಯ ಹೇಳದೆ ಬಿಟ್ಟ ಇತಿಹಾಸಕ್ಕೆ ಅವೇ ಆಧಾರ.