ಬಾಯಿ ಕ್ಯಾನ್ಸರ್: ಕತ್ತಿನ ಗ್ರಂಥಿಗಳನ್ನು ಮೊದಲೇ ತೆಗೆಯಬೇಕೇ?

ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವುದು ಕತ್ತಿನ ದುಗ್ಧಗ್ರಂಥಿಗಳಿಗೆ. ಆರಂಭಿಕ ಹಂತದಲ್ಲಿ ಗ್ರಂಥಿಗಳು ಊದಿಕೊಳ್ಳದಿದ್ದರೂ ಅವುಗಳಲ್ಲಿ ರೋಗದ ಕಣಗಳು ಅಡಗಿರಬಹುದು. ಬಾಯಿಯ ಗಡ್ಡೆಯೊಂದಿಗೇ ಈ ಗ್ರಂಥಿಗಳನ್ನೂ ತೆಗೆಯಬೇಕೇ, ಊತ ಕಾಣಿಸಿಕೊಂಡ ನಂತರ ತೆಗೆದರೆ ಸಾಕೇ ಎಂಬುದು ಶಸ್ತ್ರವೈದ್ಯರಲ್ಲಿ ದಶಕಗಳ ಕಾಲ ಚರ್ಚೆಯಲ್ಲಿದ್ದ ಪ್ರಶ್ನೆ. ಮೊದಲೇ ತೆಗೆದರೆ ರೋಗ ಹರಡಿರದ ಹಲವರಿಗೂ ಶಸ್ತ್ರಚಿಕಿತ್ಸೆಯ ಹೊರೆ ಹಾಗೂ ಭುಜದ ಬಲಹೀನತೆಯ ಸಂಭವ. ಕಾದರೆ ರೋಗ ಕೈಮೀರುವ ಭಯ.

ಈ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆತದ್ದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಡಾ. ಅನಿಲ್ ಡಿಕ್ರೂಜ್ ನೇತೃತ್ವದ ತಂಡವು 2004ರಿಂದ 2014ರವರೆಗೆ ಆರಂಭಿಕ ಹಂತದ ರೋಗಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಯಾರಿಗೆ ಯಾವ ವಿಧಾನ ಎಂಬುದನ್ನು ವೈದ್ಯರು ಆಯ್ಕೆ ಮಾಡದೆ, ಚೀಟಿ ಎತ್ತುವ ಬಗೆಯಲ್ಲಿ ಎರಡು ಗುಂಪುಗಳನ್ನು ರಚಿಸಲಾಯಿತು.

ಮೊದಲ 500 ರೋಗಿಗಳ ಫಲಿತಾಂಶ 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷ ಬದುಕುಳಿದವರ ಪ್ರಮಾಣ ಶೇ. 80, ಕಾದು ನೋಡಿದವರಲ್ಲಿ ಶೇ. 67.5. ರೋಗ ಮರುಕಳಿಸದೆ ಉಳಿದವರ ಪ್ರಮಾಣ ಕ್ರಮವಾಗಿ ಶೇ. 69.5 ಮತ್ತು ಶೇ. 45.9. ಅಂದರೆ ಎಂಟು ಮಂದಿಗೆ ಮೊದಲೇ ಈ ಶಸ್ತ್ರಚಿಕಿತ್ಸೆ ನಡೆದರೆ ಒಂದು ಸಾವನ್ನು ತಡೆಯಬಹುದು.

ತಂಬಾಕು, ಗುಟ್ಕಾ ಮತ್ತು ಅಡಿಕೆ ಸೇವನೆ ಬಾಯಿ ಕ್ಯಾನ್ಸರಿಗೆ ಪ್ರಮುಖ ಕಾರಣಗಳು. ಈ ಅಧ್ಯಯನದ ಪ್ರಯೋಜನ ದೊರೆಯುವುದು ರೋಗ ಆರಂಭದಲ್ಲೇ ಪತ್ತೆಯಾದವರಿಗೆ. ಆದ್ದರಿಂದ ಎರಡು ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕತ್ತಿನ ಗಂಟು ಕಂಡುಬಂದಲ್ಲಿ ತಡಮಾಡದೆ ವೈದ್ಯರಿಗೆ ತೋರಿಸುವುದು ಅಗತ್ಯ.