ಆಕಾರದಿಂದ ಅಕ್ಷರಕ್ಕೆ: ಸ್ಕ್ರೀನ್ ರೀಡರ್ ನಡೆದುಬಂದ ದಾರಿ

ಕಣ್ಣು ಕಾಣದವರು ಕಂಪ್ಯೂಟರ್ ಬಳಸಲು ನೆರವಾಗುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಪರದೆಯ ಮೇಲಿರುವುದನ್ನು ಕಂಡುಕೊಂಡು ಅದನ್ನು ಧ್ವನಿಯಾಗಿ ನುಡಿಯುವುದು ಇಲ್ಲವೇ ಬೆರಳಿಗೆ ತಾಕುವ ಬ್ರೈಲ್ ಚುಕ್ಕೆಗಳಾಗಿ ಮೂಡಿಸುವುದು ಅದರ ಕೆಲಸ. ಇಂದು ಇಡೀ ವರ್ಗಕ್ಕೆ ಸಲ್ಲುವ ಈ ಹೆಸರು ಮೊದಲಿಗೆ ಒಂದು ಉತ್ಪನ್ನದ ಹೆಸರಾಗಿತ್ತು. ಐಬಿಎಂ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿದ್ದ ಗಣಿತಜ್ಞ ಜಿಮ್ ಥ್ಯಾಚರ್, ಅಂಧ ಸಹೋದ್ಯೋಗಿ ಜೆಸ್ಸಿ ರೈಟ್ ಅವರೊಡಗೂಡಿ 1980ರ ದಶಕದ ನಡುವಿನಲ್ಲಿ ಡಾಸ್ ಕಾರ್ಯವ್ಯವಸ್ಥೆಗೆಂದು ಅದನ್ನು ರೂಪಿಸಿದರು. ಆ ಕಾಲದ ಪರದೆ 25 ಸಾಲು, 80 ಅಂಕಣಗಳ ಒಂದು ಚೌಕುಳಿಯಾಗಿದ್ದು, ಪ್ರತಿ ಮನೆಯಲ್ಲೂ ಒಂದು ಅಕ್ಷರದ ಸಂಕೇತಸಂಖ್ಯೆ ನೆನಪುಕೋಶದಲ್ಲಿ ಹಾಗೆಯೇ ಕುಳಿತಿರುತ್ತಿತ್ತು. ಆದ್ದರಿಂದ ಕಣ್ಣಿಗೆ ಕಾಣುವ ಬರಹವೂ ಯಂತ್ರ ಬಲ್ಲ ಬರಹವೂ ಒಂದೇ ಆಗಿದ್ದು, ಅದನ್ನು ಎತ್ತಿ ಓದುವುದು ಹೆಚ್ಚು ಕಷ್ಟದ ಕೆಲಸವಾಗಿರಲಿಲ್ಲ.

ಚಿತ್ರರೂಪದ ಪರದೆ ಬಂದಾಗ ಈ ಒಂದುತನ ಮುರಿಯಿತು. ವಿಂಡೋಸ್‌ನಂಥ ವ್ಯವಸ್ಥೆಗಳಲ್ಲಿ ಪರದೆಯ ನೆನಪುಕೋಶದಲ್ಲಿ ಉಳಿಯುವುದು ಬಣ್ಣದ ಚುಕ್ಕಿಗಳು ಮಾತ್ರ. ಅಲ್ಲಿರುವುದು ಅಕ್ಷರವೋ ಗುಂಡಿಯೋ ಗೆರೆಯೋ ಎಂಬುದು ನೋಡುವವರ ಕಣ್ಣಿಗೆ ತಿಳಿಯುತ್ತದೆಯೇ ಹೊರತು ಆ ಚುಕ್ಕಿಗಳಿಗಲ್ಲ. ಕಣ್ಣುಳ್ಳವರು ಕಂಪ್ಯೂಟರ್ ಸುಲಭವಾಯಿತೆಂದು ಸಂಭ್ರಮಿಸಿದ ಹೊತ್ತಿನಲ್ಲೇ, ಡಾಸ್‌ನಲ್ಲಿ ಸರಾಗವಾಗಿ ದುಡಿಯುತ್ತಿದ್ದ ಅಂಧ ನೌಕರರು ತಮ್ಮ ಉದ್ಯೋಗ ಉಳಿದೀತೇ ಎಂದು ಚಿಂತಿಸಬೇಕಾಯಿತು. ಇದಕ್ಕೆ ಕಂಡುಕೊಂಡ ಪರಿಹಾರ ಸಾಹಸದ್ದೇ ಆಗಿತ್ತು: ತಂತ್ರಾಂಶಗಳು ಪರದೆಯ ಮೇಲೆ ಅಕ್ಷರ ಬರೆಯಲು ಕೊಡುವ ಪ್ರತಿಯೊಂದು ಆಜ್ಞೆಯನ್ನೂ ಸ್ಕ್ರೀನ್ ರೀಡರ್ ನಡುದಾರಿಯಲ್ಲಿ ಕೇಳಿಸಿಕೊಂಡು, ಎಲ್ಲಿ ಏನು ಬರೆಯಲಾಯಿತೆಂಬ ಪಡಿಯಚ್ಚೊಂದನ್ನು ತನ್ನೊಳಗೆ ಕಟ್ಟಿಕೊಳ್ಳುತ್ತಿತ್ತು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ 1987ರಲ್ಲಿ ಪಾಲುದಾರರೊಬ್ಬರ ಜತೆ ಹುಟ್ಟುಹಾಕಿದ ಸಂಸ್ಥೆಯ ಜಾಸ್ ಎಂಬ ತಂತ್ರಾಂಶ 1995ರಲ್ಲಿ ವಿಂಡೋಸ್‌ಗೆ ಬಂದು ಬಹುಕಾಲ ಈ ಕ್ಷೇತ್ರದ ಮುಂಚೂಣಿಯಲ್ಲಿ ನಿಂತಿತು. ಆದರೆ ಅದರ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು, ಅಂದರೆ ಹಲವು ಸಲ ಕಂಪ್ಯೂಟರಿನ ಬೆಲೆಯನ್ನೂ ಮೀರುತ್ತಿತ್ತು.

ಬೆಲೆಯ ಈ ಗೋಡೆಯನ್ನು ಕೆಡವಿದ್ದು ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು. ಮೈಕೆಲ್ ಕರನ್ 2006ರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯತೊಡಗಿದ ಎನ್‌ವಿಡಿಎ ತಂತ್ರಾಂಶವನ್ನು, ಬಾಲ್ಯದಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾಗಿದ್ದ ಗೆಳೆಯ ಜೇಮ್ಸ್ ಟೇ ಸೇರಿಕೊಂಡ ಮೇಲೆ ಇಬ್ಬರೂ ಕೂಡಿ ಬೆಳೆಸಿದರು. 2007ರಲ್ಲಿ ಲಾಭದ ಉದ್ದೇಶವಿಲ್ಲದ ಎನ್‌ವಿ ಆಕ್ಸೆಸ್ ಸಂಸ್ಥೆಯನ್ನು ಕಟ್ಟಿದರು. ಯಾರು ಬೇಕಾದರೂ ಉಚಿತವಾಗಿ ಪಡೆದು, ಒಳಗನ್ನು ನೋಡಿ, ತಿದ್ದಬಹುದಾದ ಈ ತಂತ್ರಾಂಶ ಹಳೆಯ ಪಡಿಯಚ್ಚಿನ ವಿಧಾನವನ್ನು ಮುಖ್ಯ ಆಧಾರವಾಗಿ ನೆಚ್ಚಲಿಲ್ಲ. ಮೈಕ್ರೋಸಾಫ್ಟ್ 1997ರಲ್ಲಿ ಹೊರತಂದಿದ್ದ ಆಕ್ಟಿವ್ ಆಕ್ಸೆಸಿಬಿಲಿಟಿ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನ ಗುಂಡಿ, ಪಟ್ಟಿ, ಪಠ್ಯಗಳ ಹೆಸರು, ಪಾತ್ರ ಮತ್ತು ಸ್ಥಿತಿಯನ್ನು ಕೇಳಿದವರಿಗೆ ತಾನೇ ಹೇಳಬೇಕಿತ್ತು. ಎನ್‌ವಿಡಿಎ ಆರಿಸಿಕೊಂಡದ್ದು ಹೀಗೆ ಕೇಳಿ ತಿಳಿಯುವ ದಾರಿಯನ್ನು. ಇದರಿಂದ ಹೊಣೆಯ ಬಹುಪಾಲು ಓದುವ ತಂತ್ರಾಂಶದಿಂದ ಹೇಳುವ ತಂತ್ರಾಂಶದ ಮೇಲಕ್ಕೆ ಬಿತ್ತು. ಸುಗಮ್ಯತೆ, ಅಂದರೆ ಅಂಗವೈಕಲ್ಯವುಳ್ಳವರಿಗೂ ಬಳಕೆಗೆ ಎಟುಕುವ ಗುಣ, ಎಲ್ಲ ತಂತ್ರಾಂಶ ತಂಡಗಳ ಕೆಲಸವಾದದ್ದು ಇಲ್ಲಿಂದಲೇ ಎನ್ನಬೇಕು.

ಆ ಹೊಣೆ ಎಷ್ಟು ದೀರ್ಘವಾದದ್ದೆಂಬುದಕ್ಕೆ ಮೊಜಿಲ್ಲಾದ ಫೈರ್‌ಫಾಕ್ಸ್ ಬ್ರೌಸರಿನ ಚರಿತ್ರೆಯೇ ಸಾಕ್ಷಿ. ಎನ್‌ವಿಡಿಎಗೆ ಆರಂಭದಲ್ಲಿ ಧನಸಹಾಯ ನೀಡಿದ ಮೊಜಿಲ್ಲಾ ಮುಂದೆ ಭದ್ರತೆ ಮತ್ತು ವೇಗಕ್ಕಾಗಿ ಜಾಲಪುಟಗಳನ್ನು ಬ್ರೌಸರಿನ ಮುಖ್ಯ ಭಾಗದಿಂದ ಬೇರ್ಪಡಿಸಿ ಪ್ರತ್ಯೇಕ ಪ್ರಕ್ರಿಯೆಗಳಲ್ಲಿ ನಡೆಸತೊಡಗಿತು. ಒಂದು ಪುಟವನ್ನು ತಿಳಿಯಲು ಸಾವಿರಾರು ಪ್ರಶ್ನೆಗಳನ್ನು ಕೇಳುವ ಸ್ಕ್ರೀನ್ ರೀಡರಿನ ಪ್ರತಿ ಪ್ರಶ್ನೆಯೂ ಈಗ ಒಂದು ಪ್ರಕ್ರಿಯೆಯ ಗಡಿ ದಾಟಿ ಹೋಗಿ ಉತ್ತರ ಹೊತ್ತು ಮರಳಬೇಕಾಯಿತು. ಉಳಿದವರಿಗೆ ಚುರುಕಾದ ಬ್ರೌಸರ್ ಅಂಧರಿಗೆ ನಿಧಾನವಾಯಿತು. 2017ರಲ್ಲಿ ಮೊಜಿಲ್ಲಾ ಸೇರಿದ ಜೇಮ್ಸ್ ಟೇ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು, ಪುಟದ ವಿವರಗಳ ವೃಕ್ಷವನ್ನು ಮುಂಚಿತವಾಗಿಯೇ ಮುಖ್ಯ ಪ್ರಕ್ರಿಯೆಗೆ ತಂದಿರಿಸುವ ಹೊಸ ವ್ಯವಸ್ಥೆಯನ್ನು ಕಟ್ಟಿದರು. ಅದು 2023ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್ 113ರೊಂದಿಗೆ ಬಳಕೆದಾರರನ್ನು ತಲುಪಿತು. ಹೊಸ ಸೌಲಭ್ಯವೊಂದೂ ಕಣ್ಣಿಗೆ ಬೀಳದ, ಕಳೆದುಹೋದ ವೇಗವನ್ನು ಮರಳಿ ಗಳಿಸುವ ಇಂಥ ಕೆಲಸಕ್ಕೆ ಸಲ್ಲಬೇಕಾದ ಗೌರವ ತಂತ್ರಜ್ಞಾನದ ಚರಿತ್ರೆಗಳಲ್ಲಿ ಸಲ್ಲುವುದಿಲ್ಲ.

ಆಕಾರಕ್ಕೂ ಅಕ್ಷರಕ್ಕೂ ನಡುವಿನ ಈ ಬಿರುಕನ್ನು ಕನ್ನಡ ತನ್ನದೇ ರೀತಿಯಲ್ಲಿ ಅನುಭವಿಸಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು, ಅಂದಿನ ಯಂತ್ರಗಳ ಮಿತಿಯಲ್ಲಿ ಬೇರೆ ದಾರಿ ಕಾಣದೆ, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದ್ದವು. ಆ ಫಾಂಟುಗಳಿಂದ ಕನ್ನಡ ಮೊದಲ ಬಾರಿಗೆ ಸಾವಿರಾರು ಕಚೇರಿಗಳ ಕಂಪ್ಯೂಟರಿಗೆ ಬಂದದ್ದು ನಿಜ. ಆದರೆ ಕಡತದಲ್ಲಿ ಉಳಿದದ್ದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು; ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವಾಗಿ ತೋರುವ ಸುತ್ತೋಲೆಯನ್ನು ಸ್ಕ್ರೀನ್ ರೀಡರ್ ಕಲಸುಮೇಲೋಗರವಾಗಿ ಓದುತ್ತದೆ. ಅರ್ಕಾವತ್ತು ಇದರ ಒಳ್ಳೆಯ ನಿದರ್ಶನ. ‘ಸೂರ್ಯ’ ಎಂಬಲ್ಲಿ ರಕಾರ ಯಕಾರಕ್ಕಿಂತ ಮೊದಲು ಕೇಳುತ್ತದೆ, ಆದರೆ ಅದರ ಗುರುತು ಬರಹದಲ್ಲಿ ಯಕಾರದ ಆಚೆಗೆ ಬರುತ್ತದೆ. ಹಳೆಯ ಫಾಂಟು ಕಣ್ಣಿನ ಕ್ರಮವನ್ನು ಹಿಡಿದಿಟ್ಟರೆ, 1988ರ ಭಾರತೀಯ ಸಂಕೇತ ವ್ಯವಸ್ಥೆ ಇಸ್ಕಿಯ ಹೊಂದಿಕೆಯನ್ನು ಅನುಸರಿಸಿ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟ, ಜಗತ್ತಿನ ಲಿಪಿಗಳ ಸಮಾನ ಸಂಕೇತ ವ್ಯವಸ್ಥೆಯಾದ ಯುನಿಕೋಡ್ ಕಿವಿಯ ಕ್ರಮವನ್ನು ಹಿಡಿಯಿತು: ಮೊದಲು ರಕಾರ, ನಂತರ ಹಲಂತ, ಅನಂತರ ಯಕಾರ. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್ ಲಿಪಿಯೂ ಒತ್ತಕ್ಷರದ ಆಕಾರಗಳನ್ನು ಬಿಟ್ಟು ಉಚ್ಚಾರಣೆಯನ್ನೇ ಅನುಸರಿಸಿತ್ತೆಂಬುದು ನೆನೆಯತಕ್ಕ ಸಂಗತಿ; ಕಂಪ್ಯೂಟರಿಗೆ ಕಡೆಗೆ ಬೇಕಾದ ಬಗೆಯನ್ನು ಅಂಧರ ಲಿಪಿ ದಶಕಗಳ ಮೊದಲೇ ಕಂಡುಕೊಂಡಿತ್ತು.

ಯುನಿಕೋಡ್ ಕನ್ನಡವನ್ನು ನುಡಿಯುವ ಧ್ವನಿ ಎನ್‌ವಿಡಿಎ ಜತೆಗೇ ಬರುತ್ತದೆ. ಜೊನಾಥನ್ ಡಡಿಂಗ್ಟನ್ ಆರಂಭಿಸಿದ ಈಸ್ಪೀಕ್ ಎಂಬ ಈ ಮುಕ್ತ ತಂತ್ರಾಂಶ ಮನುಷ್ಯರ ಧ್ವನಿಮುದ್ರಣಗಳನ್ನು ಜೋಡಿಸದೆ, ಸ್ವರದ ಕಂಪನಗಳನ್ನು ಲೆಕ್ಕದಿಂದಲೇ ಹುಟ್ಟಿಸುವುದರಿಂದ ದನಿ ಒರಟಾಗಿ ಕೇಳಿದರೂ ಗಾತ್ರದಲ್ಲಿ ಬಹಳ ಚಿಕ್ಕದು, ಅತಿ ವೇಗದಲ್ಲೂ ಸ್ಪಷ್ಟ. ಪಳಗಿದ ಕೇಳುಗರಿಗೆ ಇಂಪಿಗಿಂತ ಅದೇ ಮುಖ್ಯ. ಹಳೆಯ ಫಾಂಟಿನ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಬಂದಿವೆ. ಪುಟಗಳ ಚಿತ್ರವಾಗಿ ಮಾತ್ರ ಉಳಿದಿರುವ ಪುಸ್ತಕಗಳದ್ದು ಬೇರೆಯೇ ಕಥೆ: ಅಲ್ಲಿ ಅಕ್ಷರವನ್ನು ಮತ್ತೆ ಬಣ್ಣದ ಚುಕ್ಕಿಗಳಿಂದಲೇ ಗುರುತಿಸಿ ತೆಗೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ‘ಲಿಪಿಜ್ಞಾನಿ’ ಕೈಹಾಕಿದ್ದು ಈ ಕೆಲಸಕ್ಕೇ; ಒತ್ತಕ್ಷರಗಳು ಸಾಲಿನ ಕೆಳಗಿಳಿದು ಮುಂದಿನ ಸಾಲನ್ನು ತಾಕುವ ಹಳೆಯ ಮೊಳೆಯಚ್ಚಿನ ಪುಟಗಳು ಇಂಥ ತಂತ್ರಾಂಶಗಳಿಗೆ ಒಡ್ಡುವ ಪರೀಕ್ಷೆ ಸಣ್ಣದಲ್ಲ.