ನೇಪಾಳ ಚಾರಣದಲ್ಲಿ ಸ್ವಂತ ಅಡುಗೆಯೇ? ಕಲ್ಯಾಣ್‌ನಲ್ಲಿ ರೈಲು ಹತ್ತುವ ಮುನ್ನ ಇವು ತಿಳಿದಿರಲಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿಯ ಚಾರಣಪ್ರಿಯರಿಗೆ ಸಹ್ಯಾದ್ರಿ ಹತ್ತಿರದಲ್ಲೇ ಇದೆ. ವಾರಾಂತ್ಯಕ್ಕೆ ಕಲ್ಸುಬಾಯಿ ತಪ್ಪಲಿಗೆ ಹೋಗಿ ಬಯಲಲ್ಲೇ ಒಲೆ ಹಚ್ಚಿ ಅನ್ನ, ಸಾರು ಮಾಡಿಕೊಂಡವರು ಮುಂದೆ ನೇಪಾಳಕ್ಕೆ ಹೊರಡುವುದುಂಟು. ಆದರೆ ಇಲ್ಲಿನ ಅಭ್ಯಾಸ ಅಲ್ಲಿ ಹಾಗೆಯೇ ನಡೆಯುವುದಿಲ್ಲ. ಗಮನಿಸಬೇಕಾದ ಅಂಶಗಳು ಇಲ್ಲಿವೆ.

ಗ್ಯಾಸ್ ಒಯ್ಯಬಹುದೇ?

ಕಲ್ಯಾಣ್‌ನಿಂದ ರೈಲಿನಲ್ಲಿ ಗೋರಖ್‌ಪುರ ತಲುಪಿ, ಅಲ್ಲಿಂದ ರಸ್ತೆ ಮೂಲಕ ಸೋನೌಲಿ ಗಡಿ ದಾಟುವುದು ನೇಪಾಳದ ಒಂದು ಮಾರ್ಗ. ರೈಲಿನಲ್ಲಿ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಸ್ಟೌ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ ಸೆಕ್ಷನ್ 164ರ ಪ್ರಕಾರ 3 ವರ್ಷದವರೆಗೆ ಜೈಲು, 1,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. 2023ರ ಆಗಸ್ಟ್ 26ರಂದು ಮದುರೈನಲ್ಲಿ ಯಾತ್ರಿಕರ ಬೋಗಿಗೆ ಬೆಂಕಿ ಹೊತ್ತಿ 9 ಮಂದಿ ಸಾವಿಗೀಡಾದರು. ಅಕ್ರಮವಾಗಿ ಒಯ್ದಿದ್ದ ಗ್ಯಾಸ್ ಸಿಲಿಂಡರ್ ಇದಕ್ಕೆ ಕಾರಣ ಎಂದು ರೈಲ್ವೆ ತಿಳಿಸಿತ್ತು.

ವಿಮಾನದಲ್ಲೂ ಗ್ಯಾಸ್ ಕ್ಯಾನಿಸ್ಟರ್‌ಗೆ ಅವಕಾಶವಿಲ್ಲ. ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಬ್ಯಾಗ್‌ನಲ್ಲೂ ಇಲ್ಲ. ಸ್ಟೌ, ಗ್ಯಾಸ್ ಎರಡನ್ನೂ ಕಾಠ್ಮಂಡುವಿನ ಥಮೇಲ್‌ನ ಚಾರಣ ಸಾಮಗ್ರಿ ಅಂಗಡಿಗಳಲ್ಲಿ ಕೊಳ್ಳುವುದೇ ಸುಲಭ. ಬ್ಯೂಟೇನ್ ಮಾತ್ರ ಇರುವ ಕ್ಯಾನಿಸ್ಟರ್ ಸೊನ್ನೆ ಡಿಗ್ರಿ ಆಸುಪಾಸಿನ ಚಳಿಯಲ್ಲಿ ಉರಿಯದು. ಪ್ರೊಪೇನ್ ಬೆರೆತದ್ದನ್ನೇ ಕೇಳಿ.

ಬೇಳೆ ಯಾಕೆ ಬೇಯುವುದಿಲ್ಲ?

ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಉಷ್ಣಾಂಶ ಸುಮಾರು 1 ಡಿಗ್ರಿ ಇಳಿಯುತ್ತದೆ. 1,646 ಮೀಟರ್ ಎತ್ತರದ ಕಲ್ಸುಬಾಯಿ ತುದಿಯಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, 5,364 ಮೀಟರ್ ಎತ್ತರದ ಎವರೆಸ್ಟ್ ಬೇಸ್ ಕ್ಯಾಂಪ್‌ನಲ್ಲಿ 82-83 ಡಿಗ್ರಿಗೇ ಕುದಿಯುತ್ತದೆ. ನೀರು ಕೊತಕೊತ ಕುದಿದರೂ ತೊಗರಿಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ.

* ಅವಲಕ್ಕಿ, ಹುರಿದ ರವೆ, ಶ್ಯಾವಿಗೆ, ಹುರಿಹಿಟ್ಟು ಒಯ್ಯಿರಿ. ಗ್ಯಾಸ್ ಉಳಿಯುತ್ತದೆ.
* ಅನ್ನ, ಬೇಳೆ ಬೇಕೇ ಬೇಕೆಂದರೆ ಸಣ್ಣ ಪ್ರೆಶರ್ ಕುಕ್ಕರ್ ಇರಲಿ.
* ಕುಡಿಯುವ ನೀರನ್ನು 2,000 ಮೀಟರ್‌ಗಿಂತ ಮೇಲೆ ಕನಿಷ್ಠ 3 ನಿಮಿಷ ಕುದಿಸಿ.

ಡೇರೆಯೊಳಗೆ ಒಲೆ ಬೇಡವೇ ಬೇಡ

ಚಳಿಗೆ ಹೆದರಿ ಡೇರೆಯೊಳಗೆ ಒಲೆ ಹಚ್ಚುವುದು ಎಲ್ಲಕ್ಕಿಂತ ಅಪಾಯಕಾರಿ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ, ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದ ಕೇರಳದ 8 ಪ್ರವಾಸಿಗರು ಮೃತಪಟ್ಟರು. ಅವರಲ್ಲಿ 4 ಮಕ್ಕಳಿದ್ದರು. ಇಕ್ಕಟ್ಟಾದ ಜಾಗದಲ್ಲಿ ಉರಿಯುವ ಗ್ಯಾಸ್‌ನಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ ಅದರ ಲಕ್ಷಣ. ಎತ್ತರ ಪ್ರದೇಶದ ಕಾಯಿಲೆಗೂ ಇವೇ ಲಕ್ಷಣಗಳಿರುವುದರಿಂದ ಮೋಸಹೋಗುವ ಸಾಧ್ಯತೆ ಹೆಚ್ಚು. ಒಲೆ ಉರಿಯುತ್ತಿರುವಾಗ ಹೀಗಾದರೆ ಮೊದಲು ಎಲ್ಲರೂ ಹೊರಗೆ ಬನ್ನಿ.

ಎವರೆಸ್ಟ್, ಅನ್ನಪೂರ್ಣ ಬೇಸ್ ಕ್ಯಾಂಪ್ ಮಾರ್ಗಗಳ ತಂಗುಮನೆಗಳಲ್ಲಿ ದಾಲ್-ಭಾತ್ ಸಿಗುತ್ತದೆ. ಅಲ್ಲಿಗಷ್ಟೇ ಹೋಗುವವರು ಒಲೆ ಹೊರಬೇಕಾಗಿಲ್ಲ.